ಕೊನೆಯವರೆಗೆ ಕೇಳದ ಮಾತು

ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದರೂ ಟೈಲರಮ್ಮನ ಮಾತು ನಿಲ್ಲುತ್ತಿರಲಿಲ್ಲ. ಆ ದಿನ ಶಾಲೆಯ ಮೇಡಂ ಒಬ್ಬರು ಹೊಸ ಕೋಟಿನ ಅಂಚು ಮಡಿಸಿ ಹೊಲಿಸಿಕೊಳ್ಳಲು ಬಂದಿದ್ದರು. ಟೈಲರಮ್ಮ ಅವರ ಮುಂದೆ ಮಂಡಿಯೂರಿ ಕೂತು ಸೂಜಿ ಚುಚ್ಚುತ್ತಿದ್ದಳು. ಮೂಲೆಯಲ್ಲಿ ಅವಳ ಮಗಳು ಗುಂಡಿ ಹೊಲಿಯುತ್ತಿದ್ದಳು.

"ಓದು ಮುಗೀತಂತೆ ಕಣಮ್ಮ. ಈಗೇನು ಮಾಡ್ತಿದೀಯ?" ಎಂದು ಮೇಡಂ ಮಗಳನ್ನು ಕೇಳಿದರು. ಮಗಳು ಬಟ್ಟೆ ಕೆಳಗಿಟ್ಟು ತಲೆಯೆತ್ತಿದಳು. ತುಟಿ ಅಲುಗಿತು.

"ಹಲ್ಲಿನ ಸೆಟ್ ಮಾಡೋದು ಕಲ್ತಿದಾಳೆ ಮೇಡಂ. ಕೆಲಸ ಹುಡುಕ್ತಿದಾಳೆ. ಗುರುವಾರ ಇಂಟರ್‌ವ್ಯೂ ಇದೆ," ಎಂದಳು ಟೈಲರಮ್ಮ, ಸೂಜಿಗಳ ಸಂದಿಯಿಂದಲೇ. ಮಗಳು ಬಾಯಿ ಮುಚ್ಚಿ ಮತ್ತೆ ಗುಂಡಿಗೆ ದಾರ ಪೋಣಿಸಿದಳು.

ಇದು ಇವತ್ತು ನಿನ್ನೆಯ ಕಥೆಯಲ್ಲ. ಹುಡುಗಿಗೆ ಚಿಕ್ಕಂದಿನಿಂದ ಮಾತು ತೊದಲು. ಒಂದನೇ ತರಗತಿಯಲ್ಲಿ ಮೇಷ್ಟ್ರು ಹಾಜರಿ ಕೂಗಿದಾಗ ಅವಳಿಗೆ ಓಗೊಡಲು ಆಗಲಿಲ್ಲ. ಕಣ್ಣೆದುರಿಗೇ ಕೂತ ಮಗುವನ್ನು ಗೈರುಹಾಜರಿ ಎಂದು ಬರೆದುಕೊಂಡ ಪುಣ್ಯಾತ್ಮ ಅವರು. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಮರುದಿನ ಟೈಲರಮ್ಮ ಶಾಲೆಗೆ ಹೋಗಿ ಆ ಮೇಷ್ಟ್ರ ಮೈಚಳಿ ಬಿಡಿಸಿದಳು. ಅಲ್ಲಿಂದ ಮಗಳ ಬಾಯಿಯೂ ತಾನೇ ಆದಳು. ಅಂಗಡಿಯಲ್ಲಿ, ಬಸ್ಸಿನಲ್ಲಿ, ನೆಂಟರ ಮುಂದೆ, ಎಲ್ಲ ಕಡೆಯೂ ಅವಳೇ. ಡಾಕ್ಟರು ಎಲ್ಲಿ ನೋವು ಎಂದು ಕೇಳಿದರೆ ನೋವು ಮಗಳದು, ಉತ್ತರ ತಾಯಿಯದು. ಗಂಡನಿಲ್ಲದ ಮನೆ, ಮಗಳನ್ನು ನೋಡಿ ಯಾರೂ ನಗಬಾರದು ಎನ್ನುವುದೊಂದೇ ಅವಳ ಹಟ. ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ.

ಹೋದ ಸಲದ ಇಂಟರ್‌ವ್ಯೂನಲ್ಲಿ ಮಾತ್ರ ಎಡವಟ್ಟಾಗಿತ್ತು. ಮಗಳು ಒಳಗೆ, ತಾಯಿ ಪರದೆಯ ಹೊರಗೆ. ಒಳಗಿನಿಂದ ಸದ್ದೇ ಬರದಿದ್ದಾಗ ಟೈಲರಮ್ಮನಿಗೆ ತಡೆಯಲಾಗಲಿಲ್ಲ. ಪರದೆ ಸರಿಸಿ ಒಳಗೆ ನುಗ್ಗಿ, "ಅವಳಿಗೆ ಎಲ್ಲಾ ಗೊತ್ತು ಸ್ವಾಮಿ, ಸ್ವಲ್ಪ ನಾಚಿಕೆ ಅಷ್ಟೆ," ಎಂದುಬಿಟ್ಟಳು. ಅಲ್ಲಿದ್ದವರು ಮುಖ ಮುಖ ನೋಡಿಕೊಂಡರು. "ಕೆಲಸ ಬೇಕಾಗಿರೋದು ನಿಮಗೋ ನಿಮ್ಮ ಮಗಳಿಗೋ?" ಎಂದು ಒಬ್ಬ ನಕ್ಕ. ಮನೆಗೆ ಬಂದ ಮೇಲೆ ಮಗಳು ಊಟ ಬಿಟ್ಟಳು. ಆಮೇಲೆ ಊಟ ಮಾಡಿದಳು, ಆದರೆ ಕೆಲವು ದಿನ ಮಾತು ಬಿಟ್ಟಳು. ಈಗ ಊರಿನಲ್ಲಿ ಉಳಿದಿರುವ ಹಲ್ಲಿನ ಲ್ಯಾಬ್ ಒಂದೇ. ಅದೂ ಕೈತಪ್ಪಿದರೆ ಕಲಿತ ವಿದ್ಯೆ ಮೂಲೆಗೆ ಬೀಳುತ್ತದೆ, ಹುಡುಗಿ ಬದುಕೆಲ್ಲ ಈ ಕೋಣೆಯಲ್ಲಿ ಗುಂಡಿ ಹೊಲಿಯುತ್ತ ಕೂರಬೇಕು.

ಸಂಜೆ ಟೈಲರಮ್ಮನ ತಮ್ಮ ಬಂದ. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು; ಮೆಲ್ಲಗೆ ಮಾತಾಡುವುದು ಅವನ ಜಾಯಮಾನದಲ್ಲೇ ಇಲ್ಲ. ಅಕ್ಕನ ಮಗಳ ಹೆದರಿಕೆ ಬಿಡಿಸುವ ಗುತ್ತಿಗೆ ತಾನೇ ಹಿಡಿದಿದ್ದ. ಕುರ್ಚಿ ಎಳೆದು, ಕಾಲ ಮೇಲೆ ಕಾಲು ಹಾಕಿ, "ನಾನೇ ಮಾಲೀಕ ಅಂದ್ಕೋ. ಹೇಳು, ನಿಂಗೇನು ಕೆಲಸ ಬರುತ್ತೆ?" ಎಂದು ಗುಡುಗಿದ.

"ನಾ... ನಾನು ಮೇ... ಮೇಣ..."

"ಜೋರಾಗಿ. ಹೊಟ್ಟೆಯಿಂದ ಬರ್ಬೇಕು. ಟೊಮ್ಯಾಟೊ ಕೊಳೀತಾ ಕೂತಿರುತ್ತೆ, ನಾನು ಹೀಗೆ ಮುಲುಗ್ತಾ ನಿಂತ್ರೆ ಯಾರು ತಗೋತಾರೆ?"

ಅವಳು ಮತ್ತೆ ಶುರುಮಾಡಿದಳು. ಅವನು ಮತ್ತೆ ತಡೆದ. ಹುಡುಗಿಯ ಹಣೆ ಬೆವೆತಿತು.

"ಬಿಡೋ ಅವಳನ್ನ," ಎಂದಳು ಟೈಲರಮ್ಮ ಅಡುಗೆಮನೆಯಿಂದ. "ಅವಳಿಗೆ ಅದೆಲ್ಲ ಆಗಲ್ಲ. ನಾನು ಜೊತೆಗೆ ಹೋಗ್ತೀನಿ."

"ನೀನು ಜೊತೆಗೆ ಹೋಗಿ ಹೋಗಿಯೇ ಹೀಗಾಗಿದ್ದು ಅಕ್ಕ."

"ನೀನು ಕಿರುಚಿ ಏನು ಉದ್ಧಾರ ಮಾಡ್ದೆ? ಮಗು ನಡುಗ್ತಿದೆ, ಕಣ್ಣು ಕಾಣಲ್ವಾ?"

"ನಾಳೆ ನೀನು ಕಣ್ಮುಚ್ಚಿದ್ರೆ ಅವಳ ಪರವಾಗಿ ಯಾರು ಮಾತಾಡ್ತಾರೆ? ಅದನ್ನ ಯೋಚ್ನೆ ಮಾಡಿದೀಯಾ?"

ಅಕ್ಕ ತಮ್ಮಂದಿರ ಜಗಳ ಬಿರುಸಾಯಿತು. ಯಾರಿಗಾಗಿ ಜಗಳವೋ ಅವಳು ಎದ್ದು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ತಮ್ಮ ಹೋದ ಮೇಲೆ ಟೈಲರಮ್ಮ ಒಳಗೆ ಬಂದಳು. ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಲೆ ಸವರಿದಾಗ ತಿರುಗಿ, "ಅಮ್ಮ, ನಂಗೆ... ನಂಗೆ ಸು..." ಎಂದಳು.

"ಸುಸ್ತಾಗಿದೆ ಅಲ್ವಾ? ಮಲ್ಕೋ ಪುಟ್ಟಿ, ಮಾತಾಡ್ಬೇಡ."

ಅಲ್ಲ ಎನ್ನುವಂತೆ ಮಗಳು ತಲೆಯಾಡಿಸಿದಳು. ಇನ್ನೊಮ್ಮೆ ಬಾಯಿ ತೆರೆದಳು, ಮುಚ್ಚಿದಳು. ಕಣ್ಣಿನಿಂದ ನೀರು ಇಳಿದು ದಿಂಬು ಒದ್ದೆಯಾಯಿತು. ಏನು ಹೇಳಬೇಕೆಂದಿದ್ದಳೋ, ಆ ಮಾತು ಹೊರಗೆ ಬರಲೇ ಇಲ್ಲ.

ಮರುದಿನ ಮಧ್ಯಾಹ್ನ ಟೈಲರಮ್ಮ ಮೇಡಂ ಮನೆಗೆ ಕೋಟು ಕೊಟ್ಟು ಬೇಗನೆ ವಾಪಸಾದಳು. ಬಾಗಿಲು ತಳ್ಳಬೇಕು, ಒಳಗಿನಿಂದ ಮಗಳ ದನಿ ಕೇಳಿಸಿತು. ಯಾರು ಬಂದಿದ್ದಾರೆಂದು ಕಿಟಕಿಯಿಂದ ಇಣುಕಿದರೆ ಯಾರೂ ಇಲ್ಲ. ಮಗಳು ಹೊಲಿಗೆ ಯಂತ್ರದ ಮೇಲೆ ತಾನು ಮಾಡಿದ ಹಲ್ಲಿನ ಸೆಟ್ ಒಂದನ್ನು ಇಟ್ಟುಕೊಂಡು ಅದರ ಮುಂದೆ ಕೈಕಟ್ಟಿ ನಿಂತಿದ್ದಳು. ಬೇರೆ ಹೊತ್ತಾಗಿದ್ದರೆ ಟೈಲರಮ್ಮ ನಕ್ಕುಬಿಡುತ್ತಿದ್ದಳು.

"ನಂಗೆ ಮಾ... ಮಾ... ಮಾತು ತಡ ಆಗುತ್ತೆ ಸರ್. ಕೈ ತ... ತಡ ಆಗಲ್ಲ. ನೀವು ಸ್ವ... ಸ್ವಲ್ಪ ಕಾದ್ರೆ ನಾನು ಎಲ್ಲಾ ಹೇ... ಹೇಳ್ತೀನಿ."

ಒಂದೊಂದು ಸಲ ಮಾತು ಸಿಕ್ಕಿಹಾಕಿಕೊಂಡಾಗಲೂ ತಾಯಿಯ ನಾಲಿಗೆ ತಾನಾಗಿಯೇ ಅದನ್ನು ಪೂರ್ತಿ ಮಾಡಲು ಹೊರಟಿತು. ಆದರೆ ಅಷ್ಟರಲ್ಲಿ ಮಗಳೇ ಅದನ್ನು ಬಿಡಿಸಿಕೊಂಡು ಮುಂದೆ ಹೋಗುತ್ತಿದ್ದಳು. ಎಡವುತ್ತಿದ್ದಳು, ನಿಲ್ಲುತ್ತಿದ್ದಳು, ಮತ್ತೆ ನಡೆಯುತ್ತಿದ್ದಳು. ಮಾತು ಮುಗಿಯುತ್ತಿತ್ತು.

ಹೆತ್ತು, ಹೊತ್ತು, ಬೆಳೆಸಿದ ಮಗಳ ಒಂದೇ ಒಂದು ಮಾತನ್ನೂ ತಾನು ಕೊನೆಯವರೆಗೆ ಕೇಳಿಲ್ಲವಲ್ಲ ಎಂದು ಟೈಲರಮ್ಮನಿಗೆ ಅನಿಸಿತು. ಆ ಮೇಷ್ಟ್ರು ಒಂದು ದಿನ ಅವಳನ್ನು ಗೈರುಹಾಜರಿ ಮಾಡಿದ. ತಾನು ಮಾಡಿದ್ದು ದಿನಾ. ಮೆಟ್ಟಿಲ ಮೇಲೆ ಕೂತಳು. ಒಳಗೆ ಹೋಗಿ ಮಗಳನ್ನು ತಬ್ಬಿಕೊಳ್ಳಬೇಕೆನಿಸಿತು. ಹೋದರೆ ಆ ದನಿ ನಿಂತುಹೋಗುತ್ತದೆ ಎಂದು ಹೆದರಿ, ಬಾಯಿಗೆ ಕೈ ಅಡ್ಡ ಹಿಡಿದು ಅಲ್ಲೇ ಅತ್ತಳು.

ತಪ್ಪು ಗೊತ್ತಾಯಿತು, ಸರಿ. ಚಟ ಬಿಡಬೇಕಲ್ಲ. ಅಂದು ಸಂಜೆಯೇ ಪಕ್ಕದ ಮನೆಯಾಕೆ ಮಗಳನ್ನು ಏನೋ ಕೇಳಿದ್ದಕ್ಕೆ ಟೈಲರಮ್ಮ ಉತ್ತರ ಕೊಟ್ಟಾಗಿತ್ತು. ಕೊಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಳು.

ಗುರುವಾರ ಇಬ್ಬರೂ ಹೊರಟರು. ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ಲ್ಯಾಬ್. ಕಾಯಲು ಬೇರೆ ಕೋಣೆಯೂ ಇರಲಿಲ್ಲ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ತಾಯಿಯನ್ನು ಕೂರಿಸಿದರು. ಉದ್ದನೆಯ ಮೇಜಿನ ತುಂಬ ಪ್ಲಾಸ್ಟರಿನ ಅಚ್ಚುಗಳು, ಬಿಳಿ ಧೂಳು, ಕರಗಿದ ಮೇಣದ ವಾಸನೆ. ಮಾಲೀಕರು ವಯಸ್ಸಾದವರು. ಕೆಟ್ಟವರಲ್ಲ, ಕೆಲಸದ ಗಡಿಬಿಡಿಯಲ್ಲಿದ್ದವರು.

"ಮೇಣದಲ್ಲಿ ಹಲ್ಲು ಜೋಡಿಸಿ ಆಯ್ತು. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಸರಿಯಾಗಿ ಕೂರ್ತಿಲ್ಲ. ಏನು ಮಾಡ್ತೀಯಮ್ಮ?"

"ಮೊ..." ಎಂದಳು ಮಗಳು. "ಮೊ... ಮೊ..."

ಕೆಲಸ ಮಾಡುತ್ತಿದ್ದವರು ಕೈ ನಿಲ್ಲಿಸಿ ಇತ್ತ ನೋಡಿದರು. ಮಗಳ ಕತ್ತಿನ ನರ ಬಿಗಿಯಿತು. ಫೋನು ಬಡಿದುಕೊಳ್ಳತೊಡಗಿತು. ಮಾಲೀಕರು ಫೋನಿನತ್ತ ನೋಡಿದರು, ಮಗಳನ್ನು ನೋಡಿದರು, ಆಮೇಲೆ ಸ್ಟೂಲಿನ ಕಡೆ ತಿರುಗಿದರು.

"ತಾಯಿ, ನೀವೇ ಹೇಳಿಬಿಡಿ. ಕೆಲಸ ಬರುತ್ತಾ ಇವಳಿಗೆ? ಬರುತ್ತೆ ಅಂದ್ರೆ ನಿಮ್ಮ ಮಾತಿನ ಮೇಲೆ ತಗೋತೀನಿ. ನಾಳೆಯಿಂದಲೇ ಬರ್ಲಿ."

ಟೈಲರಮ್ಮನ ನಾಲಿಗೆ ತುದಿಯಲ್ಲೇ ಇತ್ತು ಉತ್ತರ. ಬರುತ್ತೆ ಎನ್ನುವ ಒಂದು ಪದ, ಅಷ್ಟೇ. ಅಂದುಬಿಟ್ಟರೆ ಕೆಲಸ ಮಗಳದಾಗುತ್ತಿತ್ತು. ಅವಳು ಮಗಳ ಮುಖ ನೋಡಿದಳು. ಮಗಳು ಆಗಲೇ ಬಾಯಿ ಮುಚ್ಚಿ, ತಲೆ ತಗ್ಗಿಸಿ, ಎಂದಿನಂತೆ ತಾಯಿಗೆ ದಾರಿ ಬಿಟ್ಟುಕೊಟ್ಟಾಗಿತ್ತು.

"ಅವಳೇ ಹೇಳ್ತಾಳೆ ಸ್ವಾಮಿ," ಎಂದಳು ಟೈಲರಮ್ಮ. ತನ್ನ ದನಿಯೇ ತನಗೆ ಗುರುತು ಸಿಗಲಿಲ್ಲ. "ಸ್ವಲ್ಪ ಕಾಯೋಣ."

ಮಗಳು ತಟ್ಟನೆ ತಲೆಯೆತ್ತಿ ತಾಯಿಯನ್ನೇ ನೋಡಿದಳು. ಫೋನು ಬಡಿದು ಬಡಿದು ಸುಮ್ಮನಾಯಿತು.

"ಮೊ... ಮೊದಲು ಹ... ಹಲ್ಲು ಮುಟ್ಟಲ್ಲ ಸರ್. ಅ... ಅಚ್ಚು ಸರಿಯಾಗಿ ಕೂ... ಕೂತಿದೆಯಾ ನೋ... ನೋಡ್ತೀನಿ. ಅದರಡಿ ಮೇ... ಮೇಣದ ಚೂರು ಸಿಕ್ಕಿದ್ರೂ ಹೀ... ಹೀಗಾಗುತ್ತೆ."

ಹೇಳಿ ಮುಗಿಸುವ ಹೊತ್ತಿಗೆ ಅವಳ ಬೆನ್ನು ಬೆವರಿನಿಂದ ತೊಯ್ದಿತ್ತು. ಸ್ಟೂಲಿನ ಮೇಲೆ ಟೈಲರಮ್ಮನೂ ಬೆವೆತಿದ್ದಳು.

"ಸರಿಯಾಗೇ ಹೇಳ್ದೆ," ಎಂದರು ಮಾಲೀಕರು. ಕನ್ನಡಕ ತೆಗೆದರು. "ಆದ್ರೆ ಇಲ್ಲಿ ದಿನವಿಡೀ ಡಾಕ್ಟರುಗಳ ಫೋನು ಕಣಮ್ಮ. ಎಲ್ಲರೂ ಹೀಗೆ ಕಾಯಲ್ಲ. ನೋಡ್ತೀನಿ, ಹೇಳಿ ಕಳಿಸ್ತೀನಿ."

ಹೇಳಿ ಕಳಿಸುತ್ತೇನೆ ಎಂದರೆ ಏನೆಂದು ತಾಯಿ ಮಗಳಿಬ್ಬರಿಗೂ ಗೊತ್ತಿತ್ತು.

ಮೆಟ್ಟಿಲಿಳಿದು ಬೀದಿಗೆ ಬಂದರು. ಕೈಗೆ ಬಂದದ್ದನ್ನು ಟೈಲರಮ್ಮ ತಾನೇ ತಳ್ಳಿಬಿಟ್ಟಿದ್ದಳು. ಇದು ಬುದ್ಧಿಯೋ ಮಂಕುತನವೋ ಅವಳಿಗೆ ತಿಳಿಯಲಿಲ್ಲ.

"ನಾನೊಂದು ಮಾತು ಹೇಳಿದ್ರೆ ಕೆಲಸ ಸಿಕ್ತಿತ್ತು ಪುಟ್ಟಿ," ಎಂದಳು. "ನಿನ್ನ ಹೊಟ್ಟೆ ಮೇಲೆ ಹೊಡೆದುಬಿಟ್ಟೆ."

"ಸಿ... ಸಿಕ್ತಿತ್ತು," ಎಂದಳು ಮಗಳು. ಅವಳ ಕಣ್ಣೂ ತುಂಬಿತ್ತು. ಅಂಗಡಿಯೊಂದರ ಮುಂದೆ ನಿಂತಳು. "ಅಮ್ಮ, ಪಕ್ಕದ ಊ... ಊರಲ್ಲಿ ಇನ್ನೊಂದು ಲ್ಯಾಬ್ ಇದೆ. ಅಲ್ಲಿಗೆ ನೀ... ನೀನು ಬರ್ಬೇಡ. ನಾ..."

ಮಾತು ಸಿಕ್ಕಿಕೊಂಡಿತು. ಹಿಂದಿನಿಂದ ಬಂದವರು ಗೊಣಗುತ್ತ ಇಬ್ಬರನ್ನೂ ಬಳಸಿಕೊಂಡು ಹೋದರು. ಒಬ್ಬ ತಿರುಗಿ ನೋಡಿ ನಕ್ಕ. ಮಗಳು ಏನು ಹೇಳಲು ಹೊರಟಿದ್ದಾಳೆಂದು ಟೈಲರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆ ಮಾತು ಅವಳ ಎದೆಗೆ ಆಗಲೇ ನಾಟಿತ್ತು. ಆದರೂ ಅವಳು ಬೀದಿಯ ನಡುವೆ ನಿಂತು, ಮಗಳು ಅದನ್ನು ಹೇಳಿ ಮುಗಿಸುವವರೆಗೆ ಕಾದಳು.