ರೂಲ್ಸಮ್ಮನ ಒಂಬತ್ತನೆಯ ಪ್ರಶ್ನೆ

ಎದುರಿಗೆ ಬಂದವರನ್ನು ರೂಲ್ಸಮ್ಮ ಗುರುತಿಸುವುದಿಲ್ಲ. ದಾಟಿ ಹೋದ ಮೇಲೆ ಗುರುತಿಸುತ್ತಾಳೆ. ಹತ್ತು ವರ್ಷದಿಂದ ಪ್ರತಿ ಗುರುವಾರ ಬರುವ ಬ್ಯಾಂಕಿನ ಮ್ಯಾನೇಜರು ಪೇಟೆಬೀದಿಯಲ್ಲಿ ಮುಖಾಮುಖಿ ನಿಂತು ನಮಸ್ಕಾರ ಮಾಡಿದರೂ, ಯಾರೋ ದಾರಿ ಕೇಳುತ್ತಿದ್ದಾರೆಂಬಂತೆ ಒಮ್ಮೆ ನೋಡಿ ಮುಂದೆ ಸಾಗಿಬಿಡುತ್ತಾಳೆ. ನಾಲ್ಕು ಹೆಜ್ಜೆ ನಡೆದು, ಏನೋ ನೆನಪಾದವಳಂತೆ ತಿರುಗಿ, ಎಡಕ್ಕೆ ವಾಲಿದ ಆ ಭುಜವನ್ನು ಕಂಡಳೋ, "ಓ, ನೀವಾ! ಮತ್ತೆ ಫೋನು ಕುತ್ತಿಗೇಲಿ ಸಿಕ್ಕಿಸ್ಕೊಂಡು ಮಾತಾಡೋಕೆ ಶುರು ಮಾಡಿದೀರಲ್ಲ" ಎಂದು ಬೆನ್ನಿಗೇ ಗದರುತ್ತಾಳೆ. ಮೂವತ್ತು ವರ್ಷ ಮನುಷ್ಯರನ್ನು ಬೋರಲು ಮಲಗಿಸಿ ನೋಡಿದವಳಿಗೆ ಮುಖವೆಂಬುದು ಮಸಾಜ್ ಮಂಚದ ತೂತಿನೊಳಗೆ ಮರೆಯಾಗಿಬಿಡುವ ವಸ್ತು. ಮುಖ ಚಿಕ್ಕಂದಿನಲ್ಲೇ ಸುಳ್ಳು ಕಲಿತಿರುತ್ತದೆ, ಬೆನ್ನಿಗೆ ಅಷ್ಟು ವಿದ್ಯೆ ಹತ್ತಿರುವುದಿಲ್ಲ ಎಂಬುದು ಆಕೆಯ ಅಭಿಪ್ರಾಯ.

ಕನ್ನಡಕದ ಅಂಗಡಿಯ ಮೇಲೆ, ಇಪ್ಪತ್ತೆರಡು ಮೆಟ್ಟಿಲು ಹತ್ತಿದರೆ, ಆಕೆಯ ಮಸಾಜ್ ಕೇಂದ್ರ. ಎರಡು ಕೋಣೆ, ನಡುವೆ ಪ್ಲೈವುಡ್ಡಿನ ಗೋಡೆ. ಪಕ್ಕದಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕು; ಅಲ್ಲಿಯ ಯಂತ್ರ ಕೊರೆಯತೊಡಗಿತೆಂದರೆ ಇಲ್ಲಿ ಮಲಗಿದವರ ಕಾಲ್ಬೆರಳುಗಳು ಮುದುಡಿಕೊಳ್ಳುತ್ತವೆ. "ಅದು ನಿಮಗಲ್ಲ, ಬಿಡಿ" ಎಂದು ಆಕೆ ಪಾದದ ಮೇಲೆ ಅಂಗೈಯಿಡುತ್ತಾಳೆ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಆಕೆ ತೊಡುವುದು ಮೊಣಕೈವರೆಗಿನ ತೋಳಿನ ಬೂದುಬಣ್ಣದ ಕೋಟು. ಯಾರೋ ಒಬ್ಬ ಫೋನ್ ನಂಬರಿನ ಚೀಟಿಯನ್ನು ಜೇಬಿಗೆ ತುರುಕಿದ ದಿನವೇ ಸೂಜಿದಾರ ತಂದು ಎರಡೂ ಜೇಬಿನ ಬಾಯಿ ಹೊಲಿದುಬಿಟ್ಟಳು. ಇಂದಿಗೂ ಸುಸ್ತಾದಾಗ ಕೈಗಳು ಅಭ್ಯಾಸಬಲದಿಂದ ಜೇಬು ಹುಡುಕುತ್ತವೆ, ಸಿಗದೆ, ತೊಡೆಯ ಪಕ್ಕ ನೇತಾಡುತ್ತವೆ. ಬಲಗೈಯ ಹೆಬ್ಬೆರಳು ಸವೆದು, ಬುಡದ ಗಂಟು ದಪ್ಪಗಾಗಿ, ಈಗೀಗ ಬಾಟಲಿಯ ಮುಚ್ಚಳ ತೆರೆಯಲೂ ಒಪ್ಪುವುದಿಲ್ಲ. ಬೇರೆಯವರ ಗಂಟು ಬಿಡಿಸಿ ಬಿಡಿಸಿ ತನ್ನಲ್ಲೇ ಒಂದು ಕಟ್ಟಿಕೊಂಡಿದೆ.

ರೂಲ್ಸಮ್ಮ ಎಂಬ ಹೆಸರಿಟ್ಟವಳು ಮುಂದಿನ ಮೇಜಿನಲ್ಲಿ ಕೂತು ಫೋನು ತೆಗೆದುಕೊಳ್ಳುವ ರಿಸೆಪ್ಷನಿಸ್ಟು. ಮೇಜಿನ ಹಿಂದಿನ ಗೋಡೆಗೆ ಲ್ಯಾಮಿನೇಟ್ ಮಾಡಿ ಅಂಟಿಸಿದ ಹದಿನೇಳು ನಿಯಮಗಳಿವೆ. ಅದರ ಕೆಳಗೆ 'ನೀವು ಕೇಳಬಹುದಾದ ಪ್ರಶ್ನೆಗಳು' ಎಂಬ ಇನ್ನೊಂದು ಹಾಳೆ. ನಿಯಮಗಳು ಹೀಗೆ: ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ. ಜ್ವರ ಬಂದಿದ್ದರೆ ಬರಬೇಡಿ. ತಡವಾಗಿ ಬಂದರೆ ಉಳಿದ ಹೊತ್ತು ಮಾತ್ರ ನಿಮ್ಮದು. ಈ ಮೂರನೆಯ ನಿಯಮವನ್ನು ಅಲಂಕಾರವೆಂದು ತಿಳಿದ ವಕೀಲರೊಬ್ಬರು ಒಂದು ಗಂಟೆಯ ಮಸಾಜಿಗೆ ನಲವತ್ತು ನಿಮಿಷ ತಡವಾಗಿ ಬಂದರು. ಆಕೆ ಎಡಭುಜ ಮುಗಿಸಿ, ಅರ್ಧ ಕುತ್ತಿಗೆಗೆ ಬಂದು, ಗಡಿಯಾರ ನೋಡಿ ಕೈ ಒರೆಸಿಕೊಂಡಳು. "ಬಲಗಡೆ?" ಎಂದರು ವಕೀಲರು, ತಲೆಯೆತ್ತಿ. "ಬಲಗಡೆ ಮುಂದಿನ ವಾರ. ಬೇಗ ಬಂದ್ರೆ." ಅವರು ಅರ್ಧ ದೇಹ ಹಗುರ, ಅರ್ಧ ದೇಹ ಕಲ್ಲಾಗಿ ಮೆಟ್ಟಿಲಿಳಿದುದನ್ನು ರಿಸೆಪ್ಷನಿಸ್ಟು ಈಗಲೂ ನಡೆದು ತೋರಿಸುತ್ತಾಳೆ.

ಹನ್ನೊಂದನೆಯ ನಿಯಮ ಹೀಗಿದೆ: ಕೈ ಎಲ್ಲಿಯವರೆಗೆ ಹೋಗಬೇಕೆಂಬುದನ್ನು ಕೈಯಿರುವವರೇ ನಿರ್ಧರಿಸುತ್ತಾರೆ. ಟವಲು ಸುತ್ತಿಕೊಂಡು ಮಲಗಿದ್ದ ಒಬ್ಬ ಸದ್ಗೃಹಸ್ಥ ದನಿ ತಗ್ಗಿಸಿ, "ಬೇರೆ ಏನಾದ್ರೂ ಸ್ಪೆಷಲ್ ಇದೆಯಾ?" ಎಂದು ಕೇಳಿದ್ದ. ಆಕೆ ದೀಪ ಹಾಕಿದಳು. ಬಾಗಿಲನ್ನು ಪೂರ್ತಿ ತೆರೆದಿಟ್ಟಳು. "ಇದೆ, ಕೂತ್ಕೊಂಡು ಕೇಳಿ" ಎಂದು, ಹದಿನೇಳೂ ನಿಯಮಗಳನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದಳು. ಕಾರಿಡಾರಿನಲ್ಲಿ ಕಾದಿದ್ದ ಹಲ್ಲುನೋವಿನವರೆಲ್ಲ ಡಾಕ್ಟರು ಹೇಳದೆಯೇ ಬಾಯಿ ತೆರೆದರು. ಈ ಕತೆಗೆ ನಗುವವರು ಬಹಳ. ಅವನು ಹೋದ ಮೇಲೆ ಆಕೆ ಕೈಯನ್ನು ಮೂರು ಸಲ ಸೋಪಿನಿಂದ ತೊಳೆದು, ನಾಲ್ಕನೆಯ ಸಲವೂ ನಲ್ಲಿಯ ಕೆಳಗೆ ಹಿಡಿದು ನಿಂತಿದ್ದನ್ನು ಕಂಡವರು ಯಾರೂ ಇಲ್ಲ.

ಆದರೆ ಪ್ರಶ್ನೆಗಳ ಹಾಳೆಯನ್ನು ನೋಡಬೇಕು. 'ಗೊರಕೆ ಬಂದರೆ?' ಎಂಬುದಕ್ಕೆ, 'ಬರಲಿ, ನಮಗೆ ಅದೇ ಸರ್ಟಿಫಿಕೇಟು' ಎಂದಿದೆ. 'ಅಳು ಬಂದರೆ?' ಎಂಬುದಕ್ಕೆ, 'ಟಿಶ್ಯೂ ಎಡಗಡೆ ಇದೆ. ಕಾರಣ ಹೇಳಬೇಕಾಗಿಲ್ಲ.' ಒತ್ತಿದ ಕಡೆ ನೋವಲ್ಲದೆ ಇನ್ನೇನೋ ಕದಲಿ ಜನ ಅಳುವುದುಂಟು. ಕಾರಣ ಕೇಳದಿರುವ ಈ ದಾಕ್ಷಿಣ್ಯ ನಿಯಮದ ಹಾಳೆ ಬರೆದ ಅದೇ ಕೈಯದೆಂದರೆ ನಂಬುವುದು ಕಷ್ಟ.

ಎಲ್ಲದರ ಕೊನೆಗೆ ಹದಿನೇಳನೆಯ ನಿಯಮ: ಸಂಬಂಧಿಕರೂ ಆರೋಗ್ಯದ ಫಾರ್ಮ್ ತುಂಬಬೇಕು. ಇದನ್ನು ಓದಿ ಬಂದವರೆಲ್ಲ ನಗುತ್ತಾರೆ. ಸಂಬಂಧಿಕರು ನಗುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಆಕೆ ಬಂಧುಗಳಲ್ಲಿ ಯಾರ ಮೈಯನ್ನೂ ಒತ್ತಿಲ್ಲ. ಅಕ್ಕ ತೀರಿಕೊಂಡಾಗ ಹತ್ತು ವರ್ಷದವಳಾಗಿದ್ದ ಅಕ್ಕನ ಮಗಳನ್ನು ಶಾಲೆಗೆ ಕಳಿಸಿದ್ದು, ಜಡೆ ಹಾಕಿದ್ದು, ಜ್ವರದಲ್ಲಿ ಪಕ್ಕ ಕೂತದ್ದು ಎಲ್ಲ ಆಕೆಯೇ. ಆದರೆ "ಚಿಕ್ಕಮ್ಮಾ, ತಲೆ ಒತ್ತೇ" ಎಂದರೆ ಮಾತ್ರೆ ತಂದುಕೊಟ್ಟಳೇ ಹೊರತು ಹಣೆಗೆ ಬೆರಳಿಡಲಿಲ್ಲ. "ಊರಿನವರ ಬೆನ್ನೆಲ್ಲ ಉಜ್ತೀಯ, ನನ್ನ ತಲೆ ಮಾತ್ರ ನಿಂಗೆ ಮುಳ್ಳು" ಎಂದು ಆ ಹುಡುಗಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಆಗ ಆಕೆಗೆ ಕಂಡದ್ದು ಒಂದು ಪುಟ್ಟ ಬೆನ್ನು. ಅದು ಏನು ಹೇಳುತ್ತಿತ್ತೆಂದು ಓದಲು ಬಾರದವಳೇನಲ್ಲ.

ಹತ್ತೊಂಬತ್ತು ವರ್ಷದ ಹಿಂದೆ, ಅಕ್ಕನಿಗೆ ಗರ್ಭಕೋಶದ ಆಪರೇಶನ್ನಾಗಿ ಮೂರು ವಾರವಾಗಿತ್ತು. ಹಾಸಿಗೆ ಬಿಟ್ಟು ಏಳದೆ ಎಡಗಾಲಿನ ಮೀನಖಂಡ ಹಿಡಿದುಕೊಂಡಿತ್ತು. ಮುಟ್ಟಿದರೆ ಬಿಸಿ, ನೋಡಿದರೆ ಸ್ವಲ್ಪ ಊತ. "ಮನೇಲೇ ಕೈಗುಣ ಇರೋವಾಗ ಡಾಕ್ಟ್ರ ಹತ್ರ ಯಾಕೆ ಓಡೋದು?" ಎಂದಿದ್ದರು ಭಾವ, ಹೆಮ್ಮೆಯಿಂದಲೇ. ಆಗಲೂ ಆಕೆಯ ಕೇಂದ್ರದಲ್ಲಿ ಫಾರ್ಮಿತ್ತು, ಫಾರ್ಮಿನಲ್ಲಿ ಒಂಬತ್ತನೆಯ ಪ್ರಶ್ನೆಯಿತ್ತು: ಮೀನಖಂಡದಲ್ಲಿ ನೋವು, ಊತ, ಬಿಸಿ ಇದೆಯೆ? ಇತ್ತೀಚೆಗೆ ಆಪರೇಶನ್, ಪ್ಲಾಸ್ಟರ್, ಬಹುದಿನದ ಹಾಸಿಗೆ? ನಿಮಗಾಗಲಿ ಮನೆಯವರಿಗಾಗಲಿ ರಕ್ತ ಹೆಪ್ಪುಗಟ್ಟಿದ್ದುಂಟೆ? ಹೌದೆಂದವರನ್ನು ಮುಟ್ಟಬಾರದು, ಆಸ್ಪತ್ರೆಗೆ ಕಳಿಸಬೇಕು. ಇದನ್ನು ಕೆಲಸ ಕಲಿಯಲು ಬಂದ ಹುಡುಗಿಯರಿಗೆ ಮೊದಲ ವಾರವೇ ಆಕೆ ಬಾಯಿಪಾಠ ಮಾಡಿಸುತ್ತಿದ್ದಳು. ಆದರೆ ಅಕ್ಕನ ಕಾಲು ಫಾರ್ಮಿನಲ್ಲಿ ಬರಲಿಲ್ಲ. ಹಾಸಿಗೆಯ ಮೇಲೆ, ಹಳೆಯ ಹೂವಿನ ಹೊದಿಕೆಯ ಕೆಳಗಿನಿಂದ ಬಂತು. ಆಕೆ ಎಣ್ಣೆ ಬೆಚ್ಚಗೆ ಮಾಡಿ ಅರ್ಧ ಗಂಟೆ ಒತ್ತಿದಳು. "ಅಲ್ಲೇ ಕಣೇ, ಅಲ್ಲೇ. ಇನ್ನೂ ಸ್ವಲ್ಪ ಜೋರಾಗಿ," ಎಂದಳು ಅಕ್ಕ, ಕಣ್ಣು ಮುಚ್ಚಿ. ಆಮೇಲೆ, "ಎಷ್ಟು ಹಗುರಾಯ್ತು, ನಿಂಗೊಂದು ಟೀ ಮಾಡ್ತೀನಿ ಇರು" ಎಂದು ಎದ್ದು ನಡೆದಳು. ಅಡುಗೆಮನೆಯ ಬಾಗಿಲವರೆಗೆ ನಡೆದಳು.

"ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿದೆ. ತಾನಾಗೇ ಹೋಗಿರಬಹುದು, ಹೇಳೋಕಾಗಲ್ಲ," ಎಂದರು ಆಸ್ಪತ್ರೆಯ ಡಾಕ್ಟರು. "ಯಾರಾದ್ರೂ ಕಾಲು ಒತ್ತಿದ್ರಾ?"

ಆಕೆ ಬಾಯಿ ತೆರೆಯುವ ಮೊದಲೇ ಭಾವ ಹೇಳಿದರು: "ಇಲ್ಲ."

ಆ ಕ್ಷಣಕ್ಕೆ ಅದು ಕರುಣೆಯಂತೆ ಕಂಡಿತು. ಆಕೆಯನ್ನು ಕಾಪಾಡಿದರೋ, ಡಾಕ್ಟರು ಬೇಡವೆಂದ ತಮ್ಮ ಮಾತನ್ನು ಕಾಪಾಡಿಕೊಂಡರೋ, ತಿಳಿಯಲಿಲ್ಲ. ಮಗಳಿಗೆ ಅಮ್ಮನ ಹೃದಯ ನಿಂತಿತೆಂದು ಹೇಳಿದರು. ಆಮೇಲೆ ಆಕೆಯಾಗಲಿ ಭಾವನಾಗಲಿ ಆ ವಿಷಯ ಎತ್ತಲಿಲ್ಲ. ಒಂದು ಭಾರವಾದ ಬೀರುವನ್ನು ಎರಡು ತುದಿಯಲ್ಲಿ ಹಿಡಿದುಕೊಂಡವರಂತೆ, ಮೊದಲು ಕೈ ಬಿಡುವವರು ಯಾರೆಂದು ಒಬ್ಬರನ್ನೊಬ್ಬರು ನೋಡುತ್ತ ವರ್ಷಗಳನ್ನು ಕಳೆದರು. ಆಕೆ ಮಾಡಿದ್ದು ಇಷ್ಟೇ: ಹದಿನಾರು ನಿಯಮಗಳಿದ್ದ ಹಾಳೆಗೆ ಇನ್ನೊಂದನ್ನು ಸೇರಿಸಿ ಮತ್ತೆ ಲ್ಯಾಮಿನೇಟ್ ಮಾಡಿಸಿದಳು.

ಮೊನ್ನೆ ಮಧ್ಯಾಹ್ನ ಅಕ್ಕನ ಮಗಳು ಇಪ್ಪತ್ತೆರಡು ಮೆಟ್ಟಿಲುಗಳನ್ನು ಕುಂಟುತ್ತ ಹತ್ತಿ ಬಂದಳು. ಈಗ ಶಾಲೆಯೊಂದರಲ್ಲಿ ಆಟ ಕಲಿಸುವ ಟೀಚರು. ಪಾದದ ಮೂಳೆ ಬಿರುಕುಬಿಟ್ಟು ಹಾಕಿದ್ದ ಪ್ಲಾಸ್ಟರನ್ನು ತೆಗೆದು ಎಂಟು ದಿನವಾಗಿತ್ತು.

"ಚಿಕ್ಕಮ್ಮಾ, ಹತ್ತೇ ಹತ್ತು ನಿಮಿಷ. ಈ ಮೀನಖಂಡ ಹಿಡ್ಕೊಂಡು ಪ್ರಾಣ ತಿಂತಿದೆ."

ರೂಲ್ಸಮ್ಮ ಫಾರ್ಮನ್ನು ಮುಂದೆ ತಳ್ಳಿದಳು.

"ತಮಾಷೆ ಮಾಡ್ತಿದೀಯಾ? ನನ್ನ ಹೆಸರು ಗೊತ್ತಿಲ್ವಾ ನಿಂಗೆ? ಮೊದಲ ಹಲ್ಲು ಬಿದ್ದಿದ್ದು ಯಾವತ್ತು ಅಂತ ಬೇಕಾದ್ರೆ ನೀನೇ ಬರ್ಕೋ."

"ತುಂಬು."

"ತುಂಬಿಬಿಡಿ ಟೀಚರೇ," ಎಂದಳು ರಿಸೆಪ್ಷನಿಸ್ಟು. "ಮೇಡಂ ಅವರ ನೆರಳು ಮಲಗೋಕೆ ಬಂದ್ರೂ ಮೊದಲು ಸಹಿ ಹಾಕಿಸ್ಕೋತಾರೆ."

ಹುಡುಗಿ ಹಲ್ಲು ಕಚ್ಚಿಕೊಂಡು ಬರೆದಳು. ಒಂಬತ್ತನೆಯ ಪ್ರಶ್ನೆಗೆ ಬಂದಾಗ, ನೋವು ಊತ, ಹೌದು. ಪ್ಲಾಸ್ಟರ್, ಹೌದು. ಮನೆಯವರಿಗೆ ರಕ್ತ ಹೆಪ್ಪುಗಟ್ಟಿದ್ದುಂಟೆ? ಯೋಚಿಸದೆ, ದುಂಡಗಿನ ಅಕ್ಷರದಲ್ಲಿ, ಇಲ್ಲ.

ರೂಲ್ಸಮ್ಮ ಆ ಪದವನ್ನು ನೋಡುತ್ತ ನಿಂತಳು. ಹುಡುಗಿಯ ಮೊಣಕಾಲ ಕೆಳಗೆ ಚರ್ಮ ತುಸು ಬಿಗಿದು ಹೊಳೆಯುತ್ತಿತ್ತು. ಹೇಳದಿದ್ದರೆ ಆಸ್ಪತ್ರೆಯಲ್ಲೂ ಅವಳು ಇದನ್ನೇ ಬರೆಯುತ್ತಾಳೆ; ಹೇಳಿದರೆ, ಈ ಲೋಕದಲ್ಲಿ ತನ್ನನ್ನು ನೀನು ಎಂದು ಕರೆಯುವ ಒಂದೇ ಒಂದು ಜೀವ ಮುಂದಿನ ಪ್ರಶ್ನೆ ಕೇಳುತ್ತದೆ. ಆಕೆ ಪೆನ್ನು ತೆಗೆದುಕೊಂಡು 'ಇಲ್ಲ' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಉಂಟು' ಎಂದು ಬರೆದಳು.

"ಯಾರಿಗೆ?"

"ನಿಮ್ಮಮ್ಮಂಗೆ."

"ಅಮ್ಮಂಗೆ ಹಾರ್ಟು ನಿಂತಿದ್ದಲ್ವಾ?"

"ಕೊನೆಗೆ ಎಲ್ಲರ ಹಾರ್ಟೂ ನಿಲ್ಲತ್ತೆ, ಮರಿ. ಶುರುವಾಗಿದ್ದು ಕಾಲಿಂದ. ನೀನೀಗ್ಲೇ ಟ್ಯಾಕ್ಸಿ ಹಿಡ್ಕೊಂಡು ಆಸ್ಪತ್ರೆಗೆ ಹೋಗು, ಸ್ಕ್ಯಾನ್ ಮಾಡಿಸು. ನಾನು ಮುಟ್ಟಲ್ಲ."

"ಅಪ್ಪ ಯಾವತ್ತೂ ಹೇಳಿಲ್ಲ. ನಿಂಗೆ ಹೇಗೆ ಗೊತ್ತು?"

ಉತ್ತರ ಆಕೆಯ ಎರಡು ಕೈಗಳಲ್ಲಿತ್ತು. ಆ ಕೈಗಳು ಕೋಟಿನ ಜೇಬು ಹುಡುಕಿ, ಸಿಗದೆ, ನೇತಾಡಿದವು.

"ಗೊತ್ತು," ಎಂದಳು.

ಹುಡುಗಿ ಹೋದಳು. ಸಂಜೆಯವರೆಗೆ ರೂಲ್ಸಮ್ಮ ಮೂವರ ಬೆನ್ನು ಒತ್ತಿದಳು. ಯಾರ ಬೆನ್ನು ಏನು ಹೇಳಿತೋ ಆಕೆಗೆ ಕೇಳಲಿಲ್ಲ. ಏಳು ಗಂಟೆಗೆ ಫೋನು ಬಂತು.

"ಏನೂ ಇಲ್ವಂತೆ. ಸ್ನಾಯು ಬಿಗಿದಿದೆ ಅಷ್ಟೆ, ಅಂದ್ರು. ನಾಲ್ಕು ಗಂಟೆ ಕಾಯಿಸಿ ಎರಡು ನಿಮಿಷ ನೋಡಿದ್ರು."

"ಸದ್ಯ," ಎಂದಳು ಆಕೆ. ಆ ಪದದ ಹಿಂದೆ ಎಷ್ಟು ಉಸಿರಿತ್ತೆಂಬುದು ಫೋನಿನಲ್ಲಿ ಕಾಣುವಂತಿರಲಿಲ್ಲ.

"ಏನು ಸದ್ಯ? ಅಪ್ಪಂಗೆ ಫೋನ್ ಮಾಡಿ ಕೇಳ್ದೆ, ಅಮ್ಮಂಗೆ ಹಾಗಾಗಿತ್ತಾ ಅಂತ. ಅಂಥದ್ದೇನೂ ಇಲ್ಲ, ನಿಮ್ಮ ಚಿಕ್ಕಮ್ಮಂದು ಮೊದಲಿಂದಲೂ ಎಲ್ಲ ಅತಿ, ಅಂತ ನಕ್ಕುಬಿಟ್ರು."

"ನಕ್ರಾ?"

"ನಗದೆ ಏನ್ಮಾಡ್ತಾರೆ? ನಂಗೆ ನಗು ಬರಲಿಲ್ಲ, ಚಿಕ್ಕಮ್ಮ. ಮುಟ್ಟೋಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನು. ಸತ್ತಿರೋ ಅಮ್ಮನ್ನ ತಂದು ನಿನ್ನ ಫಾರ್ಮಲ್ಲಿ ಯಾಕೆ ಮಲಗಿಸ್ತೀಯ?"

ಆಗ ಹೇಳಬಹುದಿತ್ತು. ಉಳಿದರ್ಧವನ್ನು ಹೇಳಿದ್ದರೆ ಮೊದಲರ್ಧ ನಿಜವಾಗುತ್ತಿತ್ತು. ಆದರೆ ನಂಬಿಸಬೇಕಾದರೆ ತಪ್ಪೊಪ್ಪಿಕೊಳ್ಳಬೇಕು, ಒಪ್ಪಿಕೊಂಡರೆ ಆ ಹುಡುಗಿ ಅಪ್ಪನನ್ನೂ ಕಳೆದುಕೊಳ್ಳುತ್ತಾಳೆ. ಹಾಗೆಂದು ಆಕೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದು ಸಮಾಧಾನವಲ್ಲ, ಹೆದರಿಕೆಯೆಂದೂ ಆಕೆಗೆ ಗೊತ್ತಿತ್ತು. ಫೋನು ಅಷ್ಟರಲ್ಲಿ ಕಡಿದುಹೋಗಿತ್ತು.

ಹತ್ತು ದಿನ ಕಳೆದು, ಪೇಟೆಬೀದಿಯಲ್ಲಿ ಯಾರೋ ಪಕ್ಕದಲ್ಲೇ ದಾಟಿಹೋದರು. ನಾಲ್ಕು ಹೆಜ್ಜೆ ನಡೆದ ಮೇಲೆ ರೂಲ್ಸಮ್ಮ ತಿರುಗಿದಳು. ಅದೇ ಬೆನ್ನು, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದದ್ದು. ಕುಂಟು ಇರಲಿಲ್ಲ, ಹಿಮ್ಮಡಿ ಸಲೀಸಾಗಿ ನೆಲಕ್ಕೂರಿ ಏಳುತ್ತಿತ್ತು. ಯಾರದೋ ಹೆಬ್ಬೆರಳು ಆ ಮೀನಖಂಡವನ್ನು ಮೇಲಿನಿಂದ ಕೆಳಗೆ, ಅವಸರದಲ್ಲಾದರೂ, ಸರಿಯಾಗಿಯೇ ಬಿಡಿಸಿದೆ. ಎದುರು ಸಾಲಿನಲ್ಲಿ ಹೊಸದಾಗಿ ತೆರೆದ ಮಸಾಜ್ ಅಂಗಡಿಯಿರಬೇಕು, ಅಲ್ಲಿ ಫಾರ್ಮಿಲ್ಲ. ಅಕ್ಕನ ಮಗಳು ತನ್ನನ್ನು ನೋಡಿಯೂ ಮಾತಾಡಿಸದೆ ದಾಟಿದಳೋ, ನೋಡಲೇ ಇಲ್ಲವೋ? ಆ ಮುಖ ಹೇಗಿತ್ತೆಂದು ನೆನೆಯಲು ಹೋದರೆ, ಎಂದಿನಂತೆ, ಏನೂ ನೆನಪಿಗೆ ಬರಲಿಲ್ಲ.

ಇಂಥವರನ್ನು ನಾವು ಪ್ರತಿ ಬೀದಿಯಲ್ಲೂ ಕಂಡಿರುತ್ತೇವೆ. ಬೀಗವನ್ನು ಮೂರು ಸಲ ಎಳೆದು ನೋಡುವವರು, ಔಷಧದ ಚೀಟಿಯನ್ನು ಎರಡೆರಡು ಸಲ ಓದಿಸುವವರು, ಸ್ವಂತ ಮಕ್ಕಳ ಮುಂದೆಯೂ ಫಾರ್ಮು ಹಿಡಿದು ನಿಲ್ಲುವವರು. ಅವರು ನಿಯಮವನ್ನು ಪ್ರೀತಿಸುತ್ತಾರೆಂದು ತಿಳಿದು ನಮ್ಮ ನಮ್ಮೊಳಗೆ ನಗುತ್ತೇವೆ. ಅವರ ಎಚ್ಚರ ಫಲಿಸಿದ ದಿನ ಏನೂ ಆಗಿರುವುದಿಲ್ಲವಾದ್ದರಿಂದ ಅದಕ್ಕೆ ಸಾಕ್ಷಿಯೂ ಇರುವುದಿಲ್ಲ. ಎಂದೋ ಒಮ್ಮೆ, ಅತಿ ಸಲಿಗೆಯಲ್ಲಿ, ಕೇಳದೆ ಬಿಟ್ಟ ಒಂದು ಪ್ರಶ್ನೆಯನ್ನು ಅವರು ಉಳಿದ ಆಯುಷ್ಯವೆಲ್ಲ ಬಂದವರನ್ನೆಲ್ಲ ಕೇಳುತ್ತಲೇ ಇರುತ್ತಾರೆ. ನಾವು ಇಲ್ಲ ಎಂದು ಬರೆದು, ಸಹಿ ಹಾಕಿ, ಎಂಥ ಒಣ ಹೆಂಗಸಪ್ಪಾ ಎಂದುಕೊಂಡು, ಹಗುರಾದ ಮೈಯನ್ನು ಹೊತ್ತು ಮೆಟ್ಟಿಲಿಳಿಯುತ್ತೇವೆ.