ಸಾಕ್ಷಿ ಹೆದರಲಿಲ್ಲ

—ಕತ್ತಿನ ಹಿಂದೆ ಎಷ್ಟು ನೀಟಾಗಿ ಕೂದಲು ಕತ್ತರಿಸಿಕೊಂಡು ಬಂದಿದ್ದಾನೆ, ಜೈಲಿನಲ್ಲಿ ಕ್ಷೌರ ಮಾಡಿ ಕನ್ನಡಿಯನ್ನೂ ಹಿಡಿದು ತೋರಿಸುತ್ತಾರೋ ಏನೋ, ಹಾಳಾದವನು, ಮೂರು ಕಡೆ ದೋಚಿದವನ ಕತ್ತು ಮದುವೆ ಗಂಡಿನ ಕತ್ತಿನ ಹಾಗಿದೆಯಲ್ಲ ಎಂದು ಅವಳ ಮೈ ಉರಿಯಿತು, ಎರಡು ಸಾಲು ಮುಂದೆ ಪೊಲೀಸರ ನಡುವೆ ಆರಾಮಾಗಿ ಕೂತಿದ್ದಾನೆ, ಮೊದಲು ಪೆಟ್ರೋಲ್ ಬಂಕು, ಆಮೇಲೆ ಒಬ್ಬ ಮುದುಕನ ದವಡೆ ಮುರಿದ, ಮೂರನೆಯದು ಅವಳ ಔಷಧಿ ಅಂಗಡಿ, ಅವಳ ಕುತ್ತಿಗೆಗೆ ಚಾಕು, ಮೊದಲೆರಡಕ್ಕೂ ಜೈಲಿಗೆ ಹೋಗಿ ಬಂದವನು, ಆದರೂ ಮೂರನೆಯದಕ್ಕೆ ಕೆಳಗಿನ ಕೋರ್ಟು ಕೊಟ್ಟದ್ದು ನಾಲ್ಕೇ ವರ್ಷ, ಅದರಲ್ಲಿ ಮೂರು ಕಳೆದೇ ಹೋಯಿತು, ಸಾಲದು ಹೆಚ್ಚಿಸಿ ಎಂದು ಸರ್ಕಾರ ಮೇಲ್ಮನವಿ ಹಾಕಿದೆ, ಹಾಕಿ ಏನು ಬಂತು, ಸರ್ಕಾರಿ ವಕೀಲ ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತಿದ್ದಾನೆ, ಬೆಳಿಗ್ಗೆ ಕಾರಿಡಾರಿನಲ್ಲಿ ಮಾತ್ರ ಬಾಯಿ ಜೋರಿತ್ತು, ಮೇಡಂ ಅವತ್ತು ಹಾಗ್ಯಾಕೆ ಹೇಳಿದ್ರಿ, ಇಲ್ಲಿ ಹೊಸದಾಗಿ ಸಾಕ್ಷಿ ಕೇಳಲ್ಲ, ಬರೀ ಕಾಗದ ಓದ್ತಾರೆ, ಯಾಕೆ ಹೇಳಿದಳು ಎಂದರೆ ಅವತ್ತು ಕೆಳಗಿನ ಕೋರ್ಟಿನಲ್ಲಿ ನಾದಿನಿ ಮುಂದಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು, ಅಣ್ಣ ಹೋದ ಮೇಲೆ ನಿಮ್ಮ ಕೈಲಿ ಅಂಗಡಿ ನಡೆಸೋಕಾಗಲ್ಲ ಅತ್ತಿಗೆ, ಮಾರಿಬಿಡಿ ಎಂದು ವರ್ಷಗಟ್ಟಲೆ ತಲೆ ಕೊರೆದವಳು, ಕಟಕಟೆಯಲ್ಲಿ ಇವನು, ಹಲ್ಲು ಕಿರಿಯುತ್ತ, ಇವರಿಬ್ಬರ ಎದುರು ಹೆದರಿದೆ ಅನ್ನಬೇಕೇ, ಸತ್ತರೂ ಇಲ್ಲ, ತಲೆಯೆತ್ತಿ ಹೇಳಿದ್ದಳು, ನನಗೇನೂ ಹೆದರಿಕೆ ಆಗಲಿಲ್ಲ ಸ್ವಾಮಿ, ಆ ನ್ಯಾಯಾಧೀಶ ಭಲೇ ಎನ್ನುವಂತೆ ತಲೆದೂಗಿದ, ತಲೆದೂಗಿದ ಮೇಲೆ ಬರೆದ, ಸಾಕ್ಷಿಗೆ ಭಯವಾಗಲೀ ಗಾಯವಾಗಲೀ ಆಗಿಲ್ಲ, ಆದ್ದರಿಂದ—

ಆ ಸಾಲನ್ನೇ ಈಗ ದಪ್ಪ ಕನ್ನಡಕದ ದೊಡ್ಡ ನ್ಯಾಯಾಧೀಶರು ಗಟ್ಟಿಯಾಗಿ ಓದುತ್ತಿದ್ದಾರೆ, ಸಾಕ್ಷಿ ತಾನೇ ಹೀಗೆ ಹೇಳಿದಾರಲ್ರೀ, ವಕೀಲ ಫೈಲು ಮಗುಚುತ್ತಾನೆ, ದಂಡಪಿಂಡ, ಸಂಜೆ ಹೊತ್ತು ಅಂಗಡಿಯ ಕೌಂಟರಿನಲ್ಲಿ ಅವಳ ತಂಗಿ ಒಬ್ಬಳೇ ಇರುತ್ತಾಳೆ, ಇವನು ಎರಡು ಸಲ ಬಿಡುಗಡೆಯಾದಾಗಲೂ ಆರು ತಿಂಗಳು ತಡೆದಿರಲಿಲ್ಲ, ಎದ್ದು ಕೂಗಲೇ, ಸುಳ್ಳು ಹೇಳಿದೆ, ಹೆದರಿದೆ, ನಿಂತಲ್ಲೇ ಉಚ್ಚೆ ಹೋಗುವಷ್ಟು ಹೆದರಿದೆ, ಇವನ ಚಾಕು ಕುತ್ತಿಗೆಯ ಮೇಲಿರುವಾಗಲೇ ಚಪ್ಪಲಿ ತೋಯ್ದಿತ್ತು, ಪೊಲೀಸರು ಬರುವಷ್ಟರಲ್ಲಿ ಫಿನೈಲ್ ಸುರಿದು ಮೂರು ಸಲ ಒರೆಸಿದ್ದಳು, ನೆಲ ಯಾಕಮ್ಮ ಒದ್ದೆ, ಶೀಸೆ ಒಡೀತು ಸಾರ್, ಒಬ್ಬರಿಗೂ ಹೇಳಿಲ್ಲ, ತಂಗಿಗೂ ಹೇಳಿಲ್ಲ, ಏಳು, ಏಳೇ ಮಾನಗೆಟ್ಟವಳೇ, ಈಗ ಹೇಳದಿದ್ದರೆ ಇನ್ಯಾವಾಗ — ಅತ್ತಿಗೆ ನೀರು ಬೇಕಾ, ನಾದಿನಿ ಇವತ್ತೂ ಪಕ್ಕದಲ್ಲೇ, ಬೇಡ ಎಂದಳು — ಶಿಕ್ಷೆಯಲ್ಲಿ ಮಧ್ಯಪ್ರವೇಶಿಸಲು ಕಾರಣ ಕಾಣುತ್ತಿಲ್ಲ, ಮೇಲ್ಮನವಿ ವಜಾ, ಇಷ್ಟೇನಾ, ಮುಗಿದೇ ಹೋಯಿತಾ, ಮುಂದಿನ ಕೇಸು ಕರೆಯುತ್ತಿದ್ದಾರೆ, ಪೊಲೀಸರು ಅವನನ್ನು ಎಬ್ಬಿಸಿದರು, ತಿರುಗುತ್ತಿದ್ದಾನೆ, ತಿರುಗಲಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿಯೇ ಬಿಡುತ್ತೇನೆ ಎಂದು ಅವಳು ಮುಖ ಎತ್ತಿದಳು, ಅವನು ಮುಖ ನೋಡಲಿಲ್ಲ, ಕೆಳಗೆ ನೋಡಿದ, ಕುರ್ಚಿಯ ಕೆಳಗೆ, ಅವಳ ಎರಡು ಚಪ್ಪಲಿಗಳ ನಡುವಿನ ಒಣ ನೆಲ, ಅದನ್ನೇ ನೋಡಿ ನಕ್ಕ, ನೆಲವನ್ನು, ಒಣ ನೆಲವನ್ನು, ನೆಲ