ಅಳತೆಯಿಲ್ಲದೆ ಹೊಲಿದ ಶೂ

ಮದುವೆಗೆ ಇನ್ನು ಒಂಬತ್ತು ದಿನ ಉಳಿದಿತ್ತು. ಗಂಡಿಗೆ ತನ್ನ ಕೈಯಾರೆ ಒಂದು ಜೊತೆ ಶೂ ಹೊಲಿದು ಕೊಡಬೇಕೆಂದು ಅವಳಿಗೆ ಹಟ. ಅದೂ ಅಳತೆ ತೆಗೆಯದೆ! ಅಳತೆ ತೆಗೆದರೆ ಗುಟ್ಟು ರಟ್ಟಾಗುತ್ತದಲ್ಲ. ಇಪ್ಪತ್ತು ವರ್ಷ ಜನರ ಕಾಲು ನೋಡಿಕೊಂಡೇ ಹೊಟ್ಟೆ ಹೊರೆದವಳು. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಹಿಮ್ಮಡಿ ನೋಡುವ ಚಾಳಿ ಅವಳದು. ತನಗೆ ಕಣ್ಣಂದಾಜೇ ಸಾಕೆಂಬ ಜಂಬ ಸ್ವಲ್ಪ ಇತ್ತು ಅನ್ನಿ.

ಅಂಗಡಿ ಸೋದರಮಾವನದು, ಅವನು ಹೋದ ಮೇಲೆ ಅವಳದೇ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಮರದ ಕಾಲಿನ ಅಚ್ಚುಗಳು. ಅವುಗಳ ಮೇಲೆ ತೊಗಲನ್ನು ಎಳೆದು ಮೊಳೆ ಹೊಡೆದರೆ ಶೂ ಆಕಾರಕ್ಕೆ ಬರುತ್ತದೆ. ಸತ್ತವರ ಕಾಲೂ ಬದುಕಿದ್ದವರ ಕಾಲೂ ಅಲ್ಲಿ ಒಟ್ಟೊಟ್ಟಿಗೆ ಸಾಲು ನಿಂತಿದ್ದವು. ಅವಳು ಏಣಿ ಹತ್ತಿ, ಗಂಡಿನ ಕಾಲನ್ನು ನೆನೆಸಿಕೊಂಡು, ಮೇಲಿನ ಮೂಲೆಗೆ ಕೈ ಹಾಕಿದಳು. ಮಸಿ ಹಿಡಿದ ಒಂದು ಜೊತೆ ಸಿಕ್ಕಿತು. ಇದೇ ಅಂತ ಕೈಗೆ ಗೊತ್ತಾಗಿಬಿಟ್ಟಿತು.

ಗಂಡು ಗ್ರಂಥಾಲಯದಲ್ಲಿ ಕೆಲಸ ಮಾಡುವವನು, ಸಣಕಲ, ಸಂಕೋಚದವನು. ಅಪ್ಪನಂಥವನನ್ನು ಮಾತ್ರ ಮದುವೆಯಾಗುವುದಿಲ್ಲ ಎಂದು ಅವಳು ಹದಿನೈದರಲ್ಲೇ ಶಪಥ ಮಾಡಿದ್ದಳು. ಅದಕ್ಕೇ ಬೆರಳು ಮಡಿಚಿ ನೋಡಿದ್ದಳು: ಇವನಿಗೆ ಮೀಸೆಯಿಲ್ಲ, ಸಿಗರೇಟಿಲ್ಲ, ನಾಲ್ಕು ಜನರೆದುರು ಹೊಟ್ಟೆ ಕುಲುಕಿಸಿ ನಗುವುದಿಲ್ಲ. ಒಂದು ಬೆರಳನ್ನು ಮಾತ್ರ ಮಡಿಚಿರಲಿಲ್ಲ. ಹೋದ ತಿಂಗಳು ಅವನು ಆರು ದಿನ ಅವಳೊಡನೆ ಮಾತು ಬಿಟ್ಟಿದ್ದ. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಏಳನೆಯ ದಿನ "ಕಾಫಿ ಕುಡಿಯೋಣ್ವಾ?" ಅಂದಾಗ ಅವಳಿಗೆ ಖುಷಿಯಲ್ಲಿ ಕಣ್ಣೀರೇ ಬಂದುಬಿಟ್ಟಿತು. ಪ್ರೀತಿ ಅಂದರೆ ಇದೇ ಇರಬೇಕು ಅಂದುಕೊಂಡಳು, ಪಾಪ.

ಶೂ ತಯಾರಾಯಿತು. ಕಪ್ಪು ತೊಗಲು, ಸಣ್ಣ ಹೊಲಿಗೆ, ಎಲ್ಲೂ ಹೆಸರಿಡುವ ಹಾಗಿಲ್ಲ. ಅಚ್ಚುಗಳನ್ನು ಹೊರಗೆಳೆದು, ಮಾವ ಕಲಿಸಿದ ಹಾಗೆ, ಕಪಾಟಿಗೆ ಇಡುವ ಮುಂಚೆ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಳು. ವರ್ಷಗಟ್ಟಲೆಯ ಮೇಣ ಎದ್ದುಬಂತು. ಅದರಡಿ ಮೊಳೆಯಿಂದ ಕೆತ್ತಿದ ಅಂಕುಡೊಂಕು ಅಕ್ಷರ: ಅಪ್ಪ.

ಅದು ಅವಳದೇ ಕೈಬರಹ. ಆರು ವರ್ಷದವಳಿದ್ದಾಗ ಅಪ್ಪ ಹನ್ನೊಂದು ದಿನ ಮನೆಯಲ್ಲಿ ಯಾರೊಡನೆಯೂ ಮಾತಾಡಿರಲಿಲ್ಲ. ಅವಳು ಮಾವನ ಅಂಗಡಿಗೆ ಬಂದು, ಅಪ್ಪನ ಅಚ್ಚನ್ನು ಹುಡುಕಿ, ಹೆಸರು ಕೆತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಅದರೊಡನೆಯೇ ಮಾತಾಡುತ್ತ ಕೂತಿದ್ದಳು. ಅಪ್ಪ ತೀರಿಕೊಂಡೇ ಈಗ ಹತ್ತು ವರ್ಷ.

ಒಂದೇ ಅಳತೆಯ ಕಾಲು ಲೋಕದಲ್ಲಿ ಎಷ್ಟಿಲ್ಲ ಎಂದು ಸಮಾಧಾನ ಮಾಡಿಕೊಂಡಳು. 'ದೇವರೇ, ಇದು ಅವನ ಕಾಲಿಗೆ ಸರಿಹೋಗದಿರಲಿ' ಎಂದು ಬೇಡಿಕೊಂಡಳು. ತನ್ನ ಕೆಲಸ ಕೆಡಲಿ ಎಂದು ಅವಳು ಬೇಡಿದ್ದು ಅದೇ ಮೊದಲು.

ಸಂಜೆ ಆರಕ್ಕೆ ಬರುತ್ತೇನೆಂದಿದ್ದ. ಅಂಗಡಿಯ ಮೇಲೆಯೇ ಮನೆ. ಅಮ್ಮ ಕಿಟಕಿಯ ಪಕ್ಕ ಕೂತು ಒಗೆದ ಬಟ್ಟೆ ಮಡಿಚುತ್ತಿದ್ದಳು. ಈಚೀಚೆಗೆ ಮರೆವು, ಮಡಿಚಿದ್ದನ್ನೇ ಬಿಚ್ಚಿ ಮತ್ತೆ ಮಡಿಚುವಳು. ರೇಡಿಯೋ ಹಾಡುತ್ತಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಕೊನೆಯ ಮೂರು ಮೆಟ್ಟಿಲಲ್ಲಿ ಎಡಗಾಲಿನ ಹಿಮ್ಮಡಿ ಸರ್ರನೆ ಎಳೆಯಿತು.

ಅಮ್ಮ ಬಟ್ಟೆ ಬಿಟ್ಟು ಎದ್ದಳು. ಬಂದು ಮಗಳ ರಟ್ಟೆ ಹಿಡಿದು ಅಡುಗೆಮನೆಯ ಬಾಗಿಲ ಹಿಂದಕ್ಕೆ ಎಳೆದಳು.

"ಶ್! ಅಪ್ಪ ಬಂದ್ರು. ಇವತ್ತು ಮಾತಾಡಲ್ಲ, ನೋಡ್ತಿರು."

"ಅಮ್ಮ, ಅದು ಅಪ್ಪ ಅಲ್ಲಮ್ಮ..."

ಅಷ್ಟರಲ್ಲಿ ಅವಳಿಗೆ ಗಮನಕ್ಕೆ ಬಂತು: ಮನೆಯಲ್ಲಿ ಹಾಡಿಲ್ಲ. ರೇಡಿಯೋ ಆರಿಸಿದ್ದು ಅಮ್ಮನಲ್ಲ. ಅಮ್ಮ ಎದ್ದೇಳುವ ಮೊದಲೇ ಮಗಳ ಕೈ, ಚಿಕ್ಕಂದಿನಲ್ಲಿ ಅಪ್ಪ ಬಂದಾಗಿನ ಹಾಗೆ, ತಾನಾಗಿ ಹೋಗಿ ಅದರ ಗುಂಡಿ ತಿರುಗಿಸಿತ್ತು.

ಅವನು ಒಳಗೆ ಬಂದು ಕುರ್ಚಿಯಲ್ಲಿ ಕೂತ. ಮುಖ ಬಿಗಿದಿತ್ತು. "ಏನಾಯ್ತು? ನಾನೇನು ಮಾಡ್ದೆ?" ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು, ಅಮ್ಮನದೇ ಧಾಟಿಯಲ್ಲಿ. ಹಲ್ಲು ಕಚ್ಚಿ ಅದನ್ನು ನುಂಗಿ, ಬಾಗಿಲ ಹಿಂದಿನಿಂದ ಹೊರಗೆ ಬಂದು, ಶೂಗಳನ್ನು ಅವನ ಮುಂದಿಟ್ಟಳು. ಅವನು ಹಾಕಿಕೊಂಡ. ಒಂದಿಷ್ಟೂ ಬಿಗಿಯಿಲ್ಲ, ಸಡಿಲವಿಲ್ಲ. ಎದ್ದು ಕೋಣೆಯ ಈ ಕೊನೆಯಿಂದ ಆ ಕೊನೆಗೆ ನಡೆದ. ಬಾಗಿಲ ಸಂದಿಯಿಂದ ಅಮ್ಮ ಆ ಕಾಲುಗಳನ್ನೇ ನೋಡಿದಳು.

"ಎಷ್ಟು ದಿನ ಆದ್ಮೇಲೆ ಬಂದ್ರಿ!" ಅಂದಳು, ನಾಚಿಕೊಂಡು.

ಅವನು ಅತ್ತ ತಿರುಗದೆ ಇನ್ನೊಂದು ಸುತ್ತು ನಡೆದ. ಅಮ್ಮನ ಮುಖದಲ್ಲಿ ಮೂಡಿದ ಆ ಖುಷಿ ಮಗಳಿಗೆ ಚೆನ್ನಾಗಿ ಗೊತ್ತಿತ್ತು. ಹೋದ ತಿಂಗಳ ಏಳನೆಯ ದಿನ ಅದು ಅವಳದೇ ಮುಖದಲ್ಲಿತ್ತು.

"ಬಿಚ್ಚಿ," ಅಂದಳು. "ಆ ಶೂ ನಿಮ್ಮದಲ್ಲ."

ಅವನು ಅಂದು ಮೊದಲ ಬಾರಿಗೆ ಬಾಯಿ ತೆರೆದ. "ಯಾಕೆ? ಸರಿಯಾಗೇ ಇದ್ಯಲ್ಲ."

"ಅದಕ್ಕೇ ಹೇಳ್ತಿರೋದು. ಮದುವೆ ಬೇಡ. ಬಿಚ್ಚಿಟ್ಟು ಹೋಗಿ."

ಅವನು ಒಂದು ಮಾತೂ ಆಡದೆ ಶೂ ಬಿಚ್ಚಿಟ್ಟು, ತನ್ನ ಹಳೆಯದನ್ನು ಮೆಟ್ಟಿಕೊಂಡು ಇಳಿದುಹೋದ. ಅವಳು ಚಿಲಕ ಹಾಕಿದಳು. ಕೆಳಗೆ ಹಿಮ್ಮಡಿ ಎಳೆಯುವ ಸದ್ದು ದೂರವಾಗುತ್ತಿತ್ತು.

"ಓಡು, ಹೋಗಿ ಕರಿ," ಅಮ್ಮ ಬಿಕ್ಕಿದಳು. "ತಪ್ಪಾಯ್ತು ಅನ್ನು. ನೀನಂದ್ರೆ ಕೇಳ್ತಾರೆ."

ಅವಳಿಗೆ ಓಡಬೇಕೆನಿಸಿತು. ಆರು ವರ್ಷದ ಹುಡುಗಿಯ ಹಾಗೆ ಕಾಲುಗಳು ಆಗಲೇ ಮೆಟ್ಟಿಲ ಕಡೆ ತಿರುಗಿದ್ದವು. ಎರಡೂ ಕೈಯಲ್ಲಿ ಚಿಲಕವನ್ನು ಗಟ್ಟಿಯಾಗಿ ಹಿಡಿದುಕೊಂಡು, ಸದ್ದು ಪೂರ್ತಿ ನಿಲ್ಲುವವರೆಗೂ ಅವಳು ಹಾಗೇ ನಿಂತಿದ್ದಳು.